ಹನ್ನೊಂದು ಎಳೆ

ಅಂಗಡಿಯ ಶೆಲ್ಫಿನ ಮುಂದೆ ನಿಂತು ನಾಯಿಯ ಔಷಧಿಯ ಮೂರನೆಯ ಡಬ್ಬಿಯ ಹಿಂಬದಿಯ ಸಣ್ಣಕ್ಷರಗಳನ್ನು ಓದುತ್ತಿದ್ದಾಗ, ಇದನ್ನು ಬರೆದವನು ಯಾರಿರಬಹುದು ಎಂಬ ಯೋಚನೆ ಅವನ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಹೋಗಲಿಲ್ಲ. ಗ್ಲುಕೋಸಮೈನ್ ಐನೂರು ಮಿಲಿಗ್ರಾಂ, ಕಾಂಡ್ರಾಯಿಟಿನ್ ನಾನೂರು, ಮೀನೆಣ್ಣೆ ಇಷ್ಟು, ಅರಿಶಿನದ ಸಾರ ಇಷ್ಟು. ಮೊದಲನೆಯ ಡಬ್ಬಿಯವರು ಲೆಕ್ಕವನ್ನು ಒಂದು ಮಾತ್ರೆಗೆ ಕೊಟ್ಟಿದ್ದರು, ಎರಡನೆಯವರು ಒಂದು ಚಮಚ ಪುಡಿಗೆ, ಈ ಮೂರನೆಯವರು ಒಂದು ದಿನಕ್ಕೆ. ಯಾರೂ ಒಂದನ್ನೊಂದು ಹೋಲಿಸಿ ನೋಡಬಾರದೆಂದು ಎಲ್ಲರೂ ಸೇರಿ ಮಾತಾಡಿಕೊಂಡ ಹಾಗಿತ್ತು. ಅವನು ಜೇಬಿನಿಂದ ಕಚೇರಿಯ ಟಿಪ್ಪಣಿ ಪುಸ್ತಕ ತೆಗೆದು, ಅಡ್ಡ ಉದ್ದ ಗೆರೆ ಎಳೆದು, ಒಂಬತ್ತು ಡಬ್ಬಿಗಳಿಗೆ ಒಂಬತ್ತು ಸಾಲು ಮಾಡಿ ತುಂಬತೊಡಗಿದ. ಡಬ್ಬಿಗಳ ಮೇಲಿನ ನಾಯಿಗಳೆಲ್ಲ ಗಾಳಿಯಲ್ಲಿದ್ದವು. ಒಂದು ಬೇಲಿ ಹಾರುತ್ತಿತ್ತು, ಒಂದು ಚೆಂಡು ಹಿಡಿಯುತ್ತಿತ್ತು, ಒಂದಾದರೂ ನಾಲ್ಕು ಕಾಲನ್ನು ನೆಲಕ್ಕೆ ಊರಿ ನಿಂತಿರಲಿಲ್ಲ. ಮನೆಯಲ್ಲಿ ದೊರೆ ಈ ಬೆಳಿಗ್ಗೆ ಎದ್ದು ನಿಲ್ಲಲು ಮೂರು ಸಲ ಹೆಣಗಿ, ಕೊನೆಗೆ ಅಕ್ಕ ಹೊಟ್ಟೆಯ ಕೆಳಗೆ ಕೈ ಕೊಟ್ಟ ಮೇಲೆ ಎದ್ದಿತ್ತು.

ದೊರೆ ಎಂದರೆ ಅಕ್ಕನ ನಾಯಿ. ಹನ್ನೊಂದು ತುಂಬಿ ಹನ್ನೆರಡಕ್ಕೆ ಬಿದ್ದಿತ್ತು. ಮರಿಯಾಗಿದ್ದಾಗ ಕೊಟ್ಟದ್ದನ್ನೆಲ್ಲ ಮೂಸಿ ನೋಡಿ ಬೇಡವೆಂದು ಮುಖ ತಿರುಗಿಸುತ್ತಿತ್ತು, ಅದಕ್ಕೆ ಆ ಹೆಸರು. ಅಕ್ಕ ಅವನಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದ ಮೇಲೆ ಅವನ ತಲೆ ಬಾಚಿದವಳು, ಶಾಲೆಗೆ ಅಟ್ಟಿದವಳು, ಅವನಿಗೆ ಐವತ್ತೆರಡಾದರೂ ಪುಟ್ಟ ಎಂದು ಕರೆಯುವವಳು. ಮದುವೆಯ ಮಾತು ಇಬ್ಬರಿಗೂ ಬಂದು ಹಾಗೇ ಹೋಗಿತ್ತು. ನಾಲ್ಕನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅಕ್ಕ, ತಮ್ಮ, ನಾಯಿ. ನಿನ್ನೆ ಪಶುವೈದ್ಯರ ಮುಂದೆ ಮೇಜಿನ ಮೇಲೆ ದೊರೆಯನ್ನು ಮಲಗಿಸಿದ್ದಾಗ ಅವರು ಹಿಂಗಾಲನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ, ಅದರ ಮುಖ ನೋಡದೆ ಅಕ್ಕನ ಮುಖ ನೋಡಿ ಹೇಳಿದ್ದರು. "ಕೀಲು ಸವೆದಿದೆ ಅಮ್ಮಾ. ಕೀಲಿಗೆ ಅಂತ ಡಬ್ಬಿಗಳು ಬರ್ತವೆ, ಒಳ್ಳೇದೊಂದು ನೋಡಿ ತಗೊಳ್ಳಿ, ಎರಡು ತಿಂಗಳು ಕೊಟ್ಟು ನೋಡೋಣ. ಆದ್ರೆ ಮೆಟ್ಟಿಲು ಮಾತ್ರ ನಿಲ್ಲಬೇಕು. ಮೆಟ್ಟಿಲು ನಿಲ್ಲಿಸದೆ ಡಬ್ಬಿ ಕೊಟ್ರೆ ಹೊಳೇಲಿ ಹುಣಸೇಹಣ್ಣು ತೊಳೆದ ಹಾಗೆ." ಆಮೇಲೆ ಕೈ ತೊಳೆಯುತ್ತ, ಬೆನ್ನು ಹಾಕಿಕೊಂಡೇ, "ಕಾಲು ಪೂರ್ತಿ ಕೂತುಬಿಟ್ರೆ ನನ್ನ ಹತ್ರ ಉಳಿಯೋದು ಒಂದೇ ಇಂಜೆಕ್ಷನ್ನು" ಎಂದಿದ್ದರು. ಇವತ್ತು ಬೆಳಿಗ್ಗೆ ಅಕ್ಕ, "ನೀನೇ ನೋಡಿ ತಗೊಂಡು ಬಾ ಪುಟ್ಟ. ನೀನು ಓದಿ ತರೋನು. ನಾನಾದ್ರೆ ಚಿತ್ರ ನೋಡಿ ತರ್ತೀನಿ" ಎಂದಳು. ಅರ್ಧ ದಿನ ರಜೆ ಬರೆದು ಬಂದಿದ್ದ.

ಅಂಗಡಿಯಾಕೆ ಕನ್ನಡಕವನ್ನು ಹಣೆಗೇರಿಸಿಕೊಂಡು ಅವನನ್ನೇ ನೋಡುತ್ತಿದ್ದಳು. ಅವನು ಬಂದು ಮುಕ್ಕಾಲು ಗಂಟೆಯಾಗಿತ್ತು. ಅಷ್ಟರಲ್ಲಿ ಇಬ್ಬರು ಬಂದು ನಾಯಿಯ ಬಿಸ್ಕತ್ತು ಕೊಂಡು ಹೋಗಿದ್ದರು, ಒಬ್ಬಳು ಬೆಕ್ಕಿಗೆ ಮರಳು ಕೊಂಡಿದ್ದಳು. ಒಣ ತಿಂಡಿಯ ಚೀಲಗಳ ಉಪ್ಪುಮೀನಿನಂಥ ವಾಸನೆಗೆ ಅವನ ಮೂಗು ಒಗ್ಗಿಹೋಗಿತ್ತು.

"ತೂಕ ಎಷ್ಟು ಸಾರ್?" ಎಂದಳು.

"ನಂದಾ?"

"ನಿಮ್ಮದು ತಗೊಂಡು ನಾನೇನ್ಮಾಡ್ಲಿ. ನಾಯೀದು."

"ಮೂವತ್ತೊಂದು ಕಿಲೋ." ಹೇಳುವಾಗ ಅವನ ತೋಳುಗಳಿಗೆ ಆ ಭಾರ ಮತ್ತೆ ಬಂತು. ನಿನ್ನೆ ಸಂಜೆ ತೂಕದ ಯಂತ್ರದ ಮೇಲೆ ಮೊದಲು ತಾನೊಬ್ಬನೇ ನಿಂತು, ಆಮೇಲೆ ದೊರೆಯನ್ನು ಎತ್ತಿಕೊಂಡು ನಿಂತು, ಒಂದರಿಂದ ಒಂದನ್ನು ಕಳೆದಿದ್ದ. ಮರಿಯಾಗಿದ್ದಾಗಲೂ ಅವನು ಅದನ್ನು ಹಾಗೆ ಎತ್ತಿಕೊಂಡವನಲ್ಲ. ಅಪ್ಪಿ ಹಿಡಿದ ಕೈಗಳಲ್ಲಿ ಅದು ಮುಖವನ್ನು ಅತ್ತ ತಿರುಗಿಸಿ ಗೋಡೆ ನೋಡುತ್ತಿತ್ತು. ನಾಚಿಕೆಯಾದವರು ಹಾಗೆ ನೋಡುತ್ತಾರೆ. ಅಕ್ಕ ಬಗ್ಗಿ ಅಂಕಿ ಓದುತ್ತ, "ಎಷ್ಟೋ ಇಳಿದುಹೋಗಿದೆ" ಎಂದಳು. ಅವನಿಗೆ ಅದು ಇಳಿಸಲಾಗದಷ್ಟು ಭಾರವಾಗಿತ್ತು.

"ಮನೇಲಿ ಮೆಟ್ಟಿಲು ಇದ್ಯಾ?" ಅಂಗಡಿಯಾಕೆ ಕೇಳಿದಳು.

"ನಾಲ್ಕನೇ ಮಹಡಿ."

"ಲಿಫ್ಟ್ ಇರ್ಬೇಕಲ್ಲ."

"ನಿಂತಿದೆ."

"ಯಾವತ್ತಿಂದ?"

"ಐದು ತಿಂಗಳು."

"ಅಯ್ಯೋ, ಐದು ತಿಂಗಳು ಕೈ ಕಟ್ಟಿ ಕೂತಿದಾರಾ? ಯಾವ ಪುಣ್ಯಾತ್ಮ ಸಾರ್ ಅದನ್ನ ನೋಡ್ಕೊಳ್ಳೋನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವನು ಟಿಪ್ಪಣಿ ಪುಸ್ತಕವನ್ನು ಮುಚ್ಚಿ, ಹೊದಿಕೆಯ ಮೇಲಿನ ಕಚೇರಿಯ ಮುದ್ರೆ ಕಾಣದಂತೆ ಹೆಬ್ಬೆರಳನ್ನು ಅದರ ಮೇಲಿಟ್ಟ. ಆ ಪುಣ್ಯಾತ್ಮ ಅವನೇ. ಊರಿನ ಲಿಫ್ಟುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಸರಿಯಿದ್ದರೆ ಸಹಿ, ಸರಿಯಿಲ್ಲದಿದ್ದರೆ ಬಾಗಿಲಿಗೆ ಮುದ್ರೆ ಹಾಕುವ ಕಚೇರಿಯಲ್ಲಿ ಇಪ್ಪತ್ತೇಳು ವರ್ಷದಿಂದ ಅವನ ಕೆಲಸ. ತಾನು ಇರುವ ಕಟ್ಟಡದ ಲಿಫ್ಟಿಗೆ ಮುದ್ರೆ ಹಾಕಿದವನೂ ಅವನೇ.

ಅದಕ್ಕೂ ಎರಡು ವಾರ ಹಿಂದೆ ಒಂದು ಸಂಜೆ ದೊರೆಯನ್ನು ತಿರುಗಾಡಿಸಿ ತಂದು ಲಿಫ್ಟಿಗೆ ಕಾಲಿಟ್ಟಾಗ ಒಳಗೆ ಆಗಲೇ ಐದು ಜನ ಇದ್ದರು. ಮೂಲೆಯಲ್ಲಿ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ, ಎರಡನೆಯ ಮಹಡಿಯವನು, ಕೈಯಲ್ಲಿ ತರಕಾರಿಯ ಚೀಲ. ಅವನು ಮತ್ತು ದೊರೆ ಒಳಗೆ ಬಂದದ್ದೇ ಭಾರದ ಗಂಟೆ ಕಿರುಗುಟ್ಟತೊಡಗಿತು. ಎಲ್ಲರೂ ಅವನತ್ತ ನೋಡಿದರು. "ಆರು ಜನ ಅಂತ ಬೋರ್ಡ್ ಬರೆಸಿದೋರು ನೀವೇ ಅಲ್ವಾ ಸಾರ್," ಎಂದ ಕಾರ್ಯದರ್ಶಿ, "ನಾಯೀನ ಎಷ್ಟು ಜನ ಅಂತ ಲೆಕ್ಕ ಹಿಡಿಯೋದು?" ಲಿಫ್ಟು ತುಂಬ ನಗು. ಒಬ್ಬಳು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಅದೇ ಹೆಚ್ಚು ಚುಚ್ಚಿತು. ಅವನೂ ನಕ್ಕ, ಇಳಿದ, ಬಾಗಿಲು ಮುಚ್ಚಿಕೊಂಡಿತು. ನಾಲ್ಕು ಮಹಡಿ ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಒಂದೊಂದು ಉತ್ತರ ಹೊಳೆಯಿತು, ಒಂದಕ್ಕಿಂತ ಒಂದು ಚೂಪು. ಹೇಳಬೇಕಾದವನು ಆಗಲೇ ಮನೆ ಸೇರಿ ತರಕಾರಿ ಸುರಿದುಕೊಂಡಿದ್ದ. ಇಷ್ಟೇ ನಡೆದದ್ದು. ಇಷ್ಟಕ್ಕೆ ಯಾರಾದರೂ ರಾತ್ರಿ ನಿದ್ದೆಗೆಡುತ್ತಾರೆಯೇ? ಅವನು ಕೆಟ್ಟ.

ತನ್ನದೇ ಕಟ್ಟಡದ ತಪಾಸಣೆಗೆ ಬೇರೆಯವರು ಹೋಗುವುದು ಕಚೇರಿಯ ರೂಢಿ. ಆ ವರ್ಷ ಅವನೇ ಕೇಳಿಕೊಂಡು ಹೋದ. ಮಾಳಿಗೆಯ ಯಂತ್ರದ ಕೋಣೆಯಲ್ಲಿ ಹಗ್ಗವನ್ನು ಪರೀಕ್ಷಿಸುವುದು ಹಳೇ ಬಟ್ಟೆಯ ತುಂಡಿನಿಂದ. ಉಕ್ಕಿನ ಹಗ್ಗಕ್ಕೆ ಬಟ್ಟೆ ಸುತ್ತಿ, ಹಗ್ಗ ನಿಧಾನವಾಗಿ ಜಾರುವಾಗ ಹಿಡಿದುಕೊಂಡರೆ, ಎಲ್ಲೆಲ್ಲಿ ಎಳೆ ತುಂಡಾಗಿ ಮುಳ್ಳಿನ ಹಾಗೆ ಎದ್ದಿದೆಯೋ ಅಲ್ಲಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ನಿಲ್ಲಿಸಿ ಎಣಿಸಬೇಕು. ಒಂದು ಅಳತೆಯೊಳಗೆ ಹತ್ತು ದಾಟಿದರೆ ಮುದ್ರೆ. ಒಳಗಿದ್ದರೆ, ಗಮನವಿರಲಿ ಎಂದು ಬರೆದು ಸಹಿ. ಬಟ್ಟೆ ಆರು ಸಲ ಸಿಕ್ಕಿಕೊಂಡಿತು. ಅವನು ಮತ್ತೊಮ್ಮೆ ಎಳೆದು ನೋಡಿದ, ಆರೇ. ಆರು ಬರೆಯಲೆಂದೇ ಪುಸ್ತಕ ತೆಗೆದ. ಕೆಳಗೆ ಯಾರೋ ಲಿಫ್ಟಿನ ಬಾಗಿಲು ಬಡಿಯುತ್ತಿದ್ದರು. "ಇನ್ನೂ ಎಷ್ಟು ಹೊತ್ತು ಸಾರ್?" ಅದು ಕಾರ್ಯದರ್ಶಿಯ ದನಿ. ಆ ದನಿಯಲ್ಲಿ ನಗು ಇತ್ತೋ ಇಲ್ಲವೋ, ಅವನಿಗೆ ಮಾತ್ರ ಕೇಳಿಸಿತು. ಅವನು ಹನ್ನೊಂದು ಎಂದು ಬರೆದ.

ಒಂದು ವಾರ ಹತ್ತಿ ಇಳಿಯಲಿ, ಬುದ್ಧಿ ಬರುತ್ತದೆ ಎಂದುಕೊಂಡಿದ್ದ. ಹೊಸ ಹಗ್ಗ ತರಿಸುತ್ತಾರೆ, ಹೇಗಿದ್ದರೂ ಇನ್ನೆರಡು ವರ್ಷಕ್ಕೆ ಬದಲಾಯಿಸಲೇಬೇಕಿತ್ತು, ಯಾರಿಗೆ ನಷ್ಟ? ಆ ಅಳತೆಯ ಹಗ್ಗ ಈಗ ತಯಾರಾಗುತ್ತಿಲ್ಲ, ಹೇಳಿ ಮಾಡಿಸಬೇಕು ಎಂಬುದು ಆಮೇಲೆ ಗೊತ್ತಾಯಿತು. ವಾರ ತಿಂಗಳಾಯಿತು. ಮಂಡಿ ಶಸ್ತ್ರಚಿಕಿತ್ಸೆಯಾದ ಮೂರನೆಯ ಮಹಡಿಯ ಮೇಷ್ಟ್ರು ಬಾಲ್ಕನಿಯಿಂದಲೇ ಲೋಕ ನೋಡತೊಡಗಿದರು. ದೊರೆ ದಿನಕ್ಕೆ ಮೂರು ಸಲ ಇಳಿದು ಮೂರು ಸಲ ಹತ್ತಿತು. ಎರಡನೆಯ ತಿಂಗಳಲ್ಲೇ ಅದರ ಹಿಂಗಾಲು ಮೆಟ್ಟಿಲಿನ ಅಂಚಿನಲ್ಲಿ ಜಾರುವುದನ್ನು ಅವನು ಕಂಡಿದ್ದ. ಕಂಡು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವನಂತೆ ಬಗ್ಗಿದ್ದ. ಮೂರನೆಯ ತಿಂಗಳಲ್ಲಿ ಒಂದು ದಿನ ಇಳಿಯಲಾಗದೆ ಮನೆಯೊಳಗೇ ನೆಲ ಒದ್ದೆ ಮಾಡಿ, ಮಂಚದ ಕೆಳಗೆ ತಲೆ ತೂರಿಸಿ, ಸಂಜೆಯವರೆಗೆ ಹೊರಗೆ ಬರಲಿಲ್ಲ. ಅಕ್ಕ ನೆಲ ಒರೆಸುತ್ತ ಅತ್ತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂದು ಜನ ನಗುವುದನ್ನು ಅವನು ಕೇಳಿದ್ದ. ಇಲ್ಲಿ ಬರೆ ಬಿದ್ದದ್ದು ತನ್ನ ಮನೆಯ ಮೂಕಪ್ರಾಣಿಗೆ, ಎಳೆದ ಕೈ ತನ್ನದು.

ತೆಗೆಯುವ ದಾರಿ ಇಲ್ಲವೆಂದಲ್ಲ. ಮರುತಪಾಸಣೆ ಎಂದು ಒಂದು ಅರ್ಜಿ ಇದೆ. ಮುದ್ರೆ ಹಾಕಿದವನೇ ಮೇಲಧಿಕಾರಿಯ ಎದುರಿಗೆ ಇನ್ನೊಮ್ಮೆ ಬಟ್ಟೆ ಎಳೆದು ಎಣಿಸಬೇಕು. ಎಣಿಸಿದರೆ ಆರು ಬರುತ್ತದೆ. ಆಗ ಮೇಲಧಿಕಾರಿ ಕೇಳುವ ಪ್ರಶ್ನೆಯನ್ನು ಅವನು ಎಷ್ಟೋ ಸಲ ತನ್ನೊಳಗೇ ಕೇಳಿಕೊಂಡಿದ್ದ. ಉಳಿದ ಐದು ಎಲ್ಲಿ ಹೋದವು? ತುಂಡಾದ ಉಕ್ಕಿನ ಎಳೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಇಪ್ಪತ್ತೇಳು ವರ್ಷದ ಕೆಲಸ, ಅವನ ಸಹಿಯೆಂದರೆ ಕಲ್ಲಿನ ಮೇಲಿನ ಗೆರೆ ಎನ್ನುವ ಜೊತೆಗಾರರು, ಪುಟ್ಟ ಓದಿ ತರುವವನು ಎನ್ನುವ ಅಕ್ಕ. ಇವನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಒಂದು ಡಬ್ಬಿ ಇಟ್ಟರೆ ಸರಿಹೋಗುತ್ತದೆಯೇನೋ ಎಂದು ಅವನು ಮುಕ್ಕಾಲು ಗಂಟೆಯಿಂದ ಅಂಗಡಿಯಲ್ಲಿ ನಿಂತಿದ್ದ. ಬೇಕಾದ ಔಷಧಿ ಅವನ ಜೇಬಿನ ಪೆನ್ನಿನಲ್ಲೇ ಇತ್ತು. ಅದು ಅವನಿಗೆ ಗೊತ್ತಿತ್ತು.

ಪುಸ್ತಕ ತೆರೆದು ನೋಡಿದ. ಒಂಬತ್ತು ಸಾಲುಗಳಲ್ಲಿ ಆರು ತುಂಬಿದ್ದವು. ಐನೂರು, ನಾನೂರು, ಏಳುನೂರೈವತ್ತು. ಎಷ್ಟು ಅಚ್ಚುಕಟ್ಟಾಗಿ ಕೂತಿವೆ ಅಂಕಿಗಳು. ಯಾವುದೋ ಕೋಣೆಯಲ್ಲಿ ಯಾರೋ ಒಬ್ಬ, ಬೆಳಿಗ್ಗೆ ಯಾರಿಂದಲೋ ಒಂದು ಮಾತು ಕೇಳಿ ಉರಿದುಕೊಂಡು ಬಂದವನು, ಇನ್ನೂರು ಇದ್ದದ್ದನ್ನು ಐನೂರು ಎಂದು ಬರೆದಿದ್ದರೆ? ಕೆಳಗೆ ಸಹಿ ಇದೆ, ಮುದ್ರೆ ಇದೆ, ಇದ್ದರೇನು? ಆರನ್ನು ಹನ್ನೊಂದು ಮಾಡಿದವನು ಇನ್ನೊಬ್ಬರ ಐನೂರನ್ನು ಹೇಗೆ ನಂಬುತ್ತಾನೆ? ಕೈಯಲ್ಲಿದ್ದ ಡಬ್ಬಿಯನ್ನು ಶೆಲ್ಫಿನ ಮೇಲಿಟ್ಟ, ಮತ್ತೆ ತೆಗೆದ. "ಇದರಲ್ಲಿ ಬರೆದಿರೋದು ನಿಜಾನಾ?" ಎಂದು ಕೇಳಿಬಿಟ್ಟ.

ಅಂಗಡಿಯಾಕೆ ಕನ್ನಡಕ ಇಳಿಸಿದಳು. "ನಾನೇನು ಬಿಚ್ಚಿ ತೂಗಿ ನೋಡಿದೀನಾ ಸಾರ್? ಬರೆದೋರು ದೇವರಿಗೆ ಹೆದರ್ಕೊಂಡು ಬರೆದಿರ್ತಾರೆ ಅಂತ ಮಾರ್ತೀನಿ, ನೀವು ಹಾಗೇ ತಗೊಳ್ತೀರಿ. ಎಲ್ಲಾ ಕಡೆನೂ ಅಷ್ಟೇ ಅಲ್ವಾ? ಈಗ ಲಿಫ್ಟಲ್ಲಿ ಹೋಗ್ತೀವಿ, ಹಗ್ಗ ನೋಡ್ಕೊಂಡು ಹತ್ತೀವಾ?" ಆಕೆ ಎದ್ದು ಬಂದು, ಅವನ ಸಾಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಕೆಳಗಿನ ಶೆಲ್ಫಿನಿಂದ ಒಂದು ಪುಡಿಯ ಡಬ್ಬಿ ತೆಗೆದಳು. "ಮುದಿನಾಯಿಗೆ ಮಾತ್ರೆ ನುಂಗ್ಸೋದು ಕಷ್ಟ. ಇದನ್ನ ಅನ್ನದಲ್ಲಿ ಕಲಸಿ. ಮೊದಲ ಆರು ವಾರ ಎರಡು ಪಾಲು, ಆಮೇಲೆ ಒಂದು. ಅದು ತಿಂದ್ರೆ ಒಳ್ಳೇ ಡಬ್ಬಿ, ತಿನ್ನದೆ ಇದ್ರೆ ಕೆಟ್ಟ ಡಬ್ಬಿ, ಇಷ್ಟೇ ನನ್ನ ಶಾಸ್ತ್ರ." ಚೀಲಕ್ಕೆ ಹಾಕುತ್ತ ದನಿ ತಗ್ಗಿಸಿದಳು. "ನಂದೂ ಒಂದಿತ್ತು. ಡಬ್ಬಿ ಮೇಲೆ ಡಬ್ಬಿ ಕೊಟ್ಟೆ. ಮಹಡಿ ಮನೆ ಬಿಡ್ಲಿಲ್ಲ. ಮೊದಲು ಆ ಲಿಫ್ಟಿನೋರನ್ನ ಹಿಡೀರಿ ಸಾರ್."

ಬೀದಿಯಲ್ಲಿ ಬಿಸಿಲು ಇನ್ನೂ ಚುರುಕಾಗಿತ್ತು. ನಡೆಯುತ್ತ ಅವನು ಎಲ್ಲರ ಮಂಡಿಗಳನ್ನು ನೋಡತೊಡಗಿದ. ಹಣ್ಣು ಮಾರುವವಳು ಏಳುವಾಗ ತೊಡೆಗೆ ಕೈ ಊರಿದ್ದು, ಅಂಚೆಯವನು ಸೈಕಲ್ಲಿನಿಂದ ಒಂದು ಕಾಲನ್ನು ನಿಧಾನವಾಗಿ ಇಳಿಸಿದ್ದು. ಜಗತ್ತಿನ ಕೀಲುಗಳೆಲ್ಲ ಸವೆಯುತ್ತಿವೆ, ಅದರಲ್ಲಿ ನನ್ನ ಪಾಲು ಎಷ್ಟು ಎಂದು ಲೆಕ್ಕ ಹಾಕಿ, ಇದು ವಯಸ್ಸು, ಹನ್ನೆರಡು ವರ್ಷದ ನಾಯಿಗೆ ಹೇಗೂ ಬರುತ್ತಿತ್ತು ಎಂದು ಸಮಾಧಾನ ಹೇಳಿಕೊಂಡ. ಸಮಾಧಾನ ರಸ್ತೆ ದಾಟುವವರೆಗೆ ಬಾಳಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಕ್ಕ ಅವನಿಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿರಬಹುದು. ಅವಳು ಹೇಳಿದ್ದು ಸ್ವಂತ ಮೂಗಿನ ವಿಷಯ. ಮನೆ ಸೇರಿ ಪುಡಿ ಕಲಸಿ ಕೊಡುತ್ತೇನೆ, ತಿನ್ನುತ್ತದೆ, ಎರಡು ತಿಂಗಳಲ್ಲಿ ಹಗ್ಗವೂ ಬಂದಿರುತ್ತದೆ, ಯಾರಿಗೂ ಏನೂ ಹೇಳಬೇಕಾಗುವುದಿಲ್ಲ. ಹೀಗೆಂದುಕೊಳ್ಳುತ್ತ ಕಟ್ಟಡದ ಬಾಗಿಲಿಗೆ ಬಂದ.

ಮೆಟ್ಟಿಲ ಬುಡದಲ್ಲಿ ಅಕ್ಕ ಇದ್ದಳು, ಕಾರ್ಯದರ್ಶಿ ಇದ್ದ, ಇಬ್ಬರ ನಡುವೆ ಜೋಲಿಯ ಹಾಗೆ ಹಿಡಿದ ಹಾಸಿಗೆಯ ಚಾದರದಲ್ಲಿ ದೊರೆ ಮಲಗಿತ್ತು. ಅಕ್ಕನ ಕೂದಲು ಹಣೆಗೆ ಅಂಟಿತ್ತು. "ನೀನು ಹೋದ್ಮೇಲೆ ಏಳಲೇ ಇಲ್ಲ ಪುಟ್ಟ," ಎಂದಳು. "ಹೊರಗೆ ಹೋಗ್ಬೇಕು ಅಂತ ಕುಂಯ್ ಅಂತಿತ್ತು. ಇವರನ್ನ ಕೂಗಿದೆ. ಇವರೇ ಪಾಪ ಇಳಿಸಿದ್ರು. ಹೊರಗಾಯ್ತು, ಈಗ ಹತ್ತಿಸ್ಬೇಕು." ಅವನು ಮುಂದೆ ಹೋಗಿ ಕಾರ್ಯದರ್ಶಿಯ ಕಡೆಯ ತುದಿಗೆ ಕೈ ಹಾಕಿದ. "ಬೇಡ ಸಾರ್, ನನಗೆ ಹಿಡಿತ ಕೂತಿದೆ. ನೀವು ಮೇಲಿನ ತುದಿ ತಗೊಳ್ಳಿ, ಅಕ್ಕನ ಕೈ ಸೋತಿದೆ." ಡಬ್ಬಿಯ ಚೀಲವನ್ನು ಅಕ್ಕನಿಗೆ ಕೊಟ್ಟು ಅವನು ಚಾದರದ ಎರಡು ಮೂಲೆಗಳನ್ನು ಮಣಿಕಟ್ಟಿಗೆ ಸುತ್ತಿಕೊಂಡ. ದೊರೆಯ ತಲೆ ಅವನ ಹೊಟ್ಟೆಗೆ ತಾಗಿತು. ಮೇಲಿನ ತುದಿ ಹಿಡಿದವನು ಹಿಂದುಹಿಂದಕ್ಕೆ ಹತ್ತಬೇಕು, ಕೆಳಗಿನವನ ಮುಖ ನೋಡುತ್ತ. ಐದು ತಿಂಗಳಿಂದ ಅವನು ಮೆಟ್ಟಿಲ ತಿರುವುಗಳಲ್ಲಿ ತಪ್ಪಿಸಿಕೊಂಡು ತಿರುಗಿದ್ದ ಮುಖ ಅದು. ಬೆವೆತು ಕೆಂಪಾಗಿತ್ತು, ಬಾಯಿ ಅರೆತೆರೆದಿತ್ತು, ಅದರಲ್ಲಿ ನಗು ಎಂಬುದೇ ಇರಲಿಲ್ಲ.

ಮೊದಲ ಮಹಡಿ ದಾಟಿ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತರು. ಚಾದರವನ್ನು ಇಳಿಸಲಿಲ್ಲ, ಇಳಿಸಿದರೆ ಅದು ಏಳಲು ಹೋಗಿ ನೋಯಿಸಿಕೊಳ್ಳುತ್ತದೆಂದು ಅಕ್ಕ ಬೇಡವೆಂದಳು. ಕಾರ್ಯದರ್ಶಿ ಭುಜಕ್ಕೆ ಮುಖ ಒರೆಸಿಕೊಂಡ. "ನಿಮಗೆ ಒಂದು ಮಾತು ಹೇಳಬೇಕು ಅಂತಿದ್ದೆ ಸಾರ್. ಹೋದ ತಿಂಗಳ ಸಭೇಲಿ ನಾಲ್ಕು ಜನ ಎದ್ದು, ಇವರ ಮೇಲೆ ದೂರು ಕೊಡೋಣ, ಬೇಕು ಅಂತಾನೇ ಮುದ್ರೆ ಹಾಕಿದಾರೆ ಅಂದ್ರು. ನಾನೇ ಬಾಯಿ ಮುಚ್ಚಿಸ್ದೆ. ಅವರ ಮನೆ ನಾಯೀನೇ ಹತ್ತೋಕಾಗದೆ ಒದ್ದಾಡ್ತಿದೆ, ಸುಳ್ಳು ಬರೆಯೋರು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೋತಾರಾ ಅಂದೆ. ಹನ್ನೊಂದು ಎಳೆ ತುಂಡಾಗಿದ್ವಂತೆ, ನಮ್ಮ ಮಕ್ಕಳೆಲ್ಲ ಅದರಲ್ಲೇ ಓಡಾಡ್ತಿದ್ರು. ನೀವು ಇಲ್ದಿದ್ರೆ ಏನಾಗ್ತಿತ್ತೋ."

"ಅವತ್ತು ಲಿಫ್ಟಲ್ಲಿ," ಎಂದ ಅವನು. "ನೀವು ನಾಯಿ ಲೆಕ್ಕ ಕೇಳಿದ್ರಿ. ಎಲ್ಲರೂ ನಕ್ಕರು."

"ಯಾವತ್ತು ಸಾರ್?" ಕಾರ್ಯದರ್ಶಿ ನಿಜವಾಗಿ ನೆನಪಿಸಿಕೊಳ್ಳಲು ನೋಡುತ್ತಿದ್ದ. ಹುಬ್ಬು ಗಂಟಿಕ್ಕಿತು, ಬಿಟ್ಟಿತು. "ನೆನಪಿಲ್ಲಪ್ಪ. ಏನಾದ್ರೂ ತಪ್ಪು ಅಂದಿದ್ನಾ?"

ಸುಮ್ಮನಿದ್ದರೆ ಆಗುತ್ತಿತ್ತು. ಇನ್ನು ಎರಡೂವರೆ ಮಹಡಿ. ಮೇಲೆ ಹೋಗಿ ನೀರು ಕೊಟ್ಟು, ಉಪಕಾರವಾಯಿತು ಎಂದು ಕಳಿಸಿದ್ದರೆ ಆಗುತ್ತಿತ್ತು. ಅವನ ಹೊಟ್ಟೆಗೆ ಒರಗಿದ ತಲೆ ಬಿಸಿಯಾಗಿತ್ತು, ಅದರ ಉಸಿರಿಗೆ ಅಂಗಿ ಒದ್ದೆಯಾಗಿತ್ತು, ಎಂದೂ ಯಾರ ಮೈಗೂ ಭಾರ ಬಿಡದ ಪ್ರಾಣಿ ಇವತ್ತು ತನ್ನ ಪೂರ್ತಿ ಭಾರವನ್ನು ಅವನ ಮೇಲೆ ಬಿಟ್ಟಿತ್ತು. ಅವನಿಗೆ ಭಯವಾಯಿತು.

"ಆರೇ ಇದ್ದಿದ್ದು," ಎಂದ.

"ಏನು ಆರು?"

"ಎಳೆ. ತುಂಡಾಗಿದ್ದು ಆರು. ನಾನು ಹನ್ನೊಂದು ಅಂತ ಬರೆದೆ. ಹಗ್ಗಕ್ಕೆ ಏನೂ ಆಗಿರ್ಲಿಲ್ಲ."

ಮೇಲಿನ ಯಾವುದೋ ಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಕಾರ್ಯದರ್ಶಿಯ ಮುಖದಲ್ಲಿ ಮಾತು ಅರ್ಥವಾಗುತ್ತ ಹೋದದ್ದನ್ನು ಅವನು ಒಂದೊಂದೇ ಗೆರೆಯಲ್ಲಿ ನೋಡಬೇಕಾಯಿತು, ಬೇರೆ ಕಡೆ ತಿರುಗಲು ಚಾದರ ಬಿಡುತ್ತಿರಲಿಲ್ಲ. ಬೈಯಬಹುದಿತ್ತು, ಹೊಡೆಯಬಹುದಿತ್ತು. ಆ ಮನುಷ್ಯನ ಎರಡು ಕೈಯಲ್ಲೂ ನಾಯಿಯ ಭಾರ ಇತ್ತು. ಆತ ತುಟಿ ಬಿಗಿದು ಚಾದರವನ್ನು ಮಣಿಕಟ್ಟಿಗೆ ಇನ್ನೊಂದು ಸುತ್ತು ಸುತ್ತಿಕೊಂಡನೇ ಹೊರತು ಬಿಡಲಿಲ್ಲ.

ಅಕ್ಕ ಎರಡು ಮೆಟ್ಟಿಲು ಕೆಳಗಿದ್ದಳು. ಮೇಲೆ ಬಂದು ಅವನ ಪಕ್ಕ ನಿಂತಳು. ದನಿ ಏರಲಿಲ್ಲ.

"ಐದು ತಿಂಗಳು ನಾನು ಇದನ್ನ ಗದರಿ ಗದರಿ ಹತ್ತಿಸಿದೀನಿ," ಎಂದಳು. "ಮಧ್ಯದಲ್ಲಿ ಕೂತ್ರೆ ಸೋಮಾರಿ ಅಂತ ಬೈದಿದೀನಿ. ಒಂದಿನ ಕೈ ಎತ್ತಿದೀನಿ. ನೀನು ಅಲ್ಲೇ ನಿಂತಿದ್ದೆ."

"ಅಕ್ಕಾ."

"ಕಚೇರಿ ಎಷ್ಟು ಹೊತ್ತಿಗೆ ಮುಚ್ತಾರೆ?"

"ಐದಕ್ಕೆ."

"ಕೊಡಿಲ್ಲಿ." ಚೀಲವನ್ನು ಮೊಣಕೈಗೆ ಏರಿಸಿಕೊಂಡು ಅವಳು ಅವನ ಮಣಿಕಟ್ಟಿನಿಂದ ಚಾದರದ ಮೂಲೆಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಕೈಗೆ ಸುತ್ತಿಕೊಂಡಳು. ಅರವತ್ತನಾಲ್ಕು ವರ್ಷದ ಕೈ. "ನಡೀರಪ್ಪ," ಎಂದಳು ಕಾರ್ಯದರ್ಶಿಗೆ. ಅವರಿಬ್ಬರೂ ಹತ್ತಿದರು. ಅವನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. ತಿರುವಿನಲ್ಲಿ ದೊರೆ ತಲೆ ಎತ್ತಿ, ಅವನು ಹಿಂದೆ ಉಳಿದದ್ದನ್ನು ಕಂಡು, ಎದ್ದು ಬರಲು ಮುಂಗಾಲಿನಿಂದ ಚಾದರವನ್ನು ಕೆದಕುತ್ತ ಕುಂಯ್‌ಗುಟ್ಟಿತು. ಬಾಲ ಬಡಿಯುತ್ತಿತ್ತು.

"ಸುಮ್ನಿರೋ," ಎಂದಳು ಅಕ್ಕ ಅದಕ್ಕೆ. "ಬರ್ತಾನೆ. ಕೆಲಸ ಇದೆ, ಮುಗಿಸ್ಕೊಂಡು ಬರ್ತಾನೆ."

ನಾಲ್ಕೂ ಕಾಲಾಗಿತ್ತು. ಅವನು ಇಳಿಯತೊಡಗಿದ.